ಬೆನ್ನಿನ ಅಂಗೈಯಗಲ ಜಾಗಕ್ಕೆ ವಿಳಾಸ ಸಿಕ್ಕಿದ್ದು

ಕೆಲವು ವರ್ಷ ಬಿಟ್ಟು ಮತ್ತೆ ಜಿಮ್ಮಿನ ಮೆಟ್ಟಿಲು ಹತ್ತಿದವರಿಗೆ ಮೈಕೈ ನೋವು ಹೊಸದಲ್ಲ. ಎರಡು ದಿನ ಕುಂಟುತ್ತಾರೆ, ಮೂರನೇ ದಿನ ಮರೆಯುತ್ತಾರೆ. ಆದರೆ ಕೆಲವರ ದೂರು ಬೇರೆಯೇ ಇರುತ್ತದೆ. ಎಡ ಹೆಗಲೆಲುಬಿಗೂ ಬೆನ್ನುಮೂಳೆಗೂ ನಡುವೆ ಅಂಗೈಯಗಲ ಜಾಗ ಮರಗಟ್ಟಿದೆ ಎನ್ನುತ್ತಾರೆ. ನೋವಿಲ್ಲ, ಊತವಿಲ್ಲ. ಆಗಾಗ ಜೋಮು, ಒಮ್ಮೊಮ್ಮೆ ಒಳಗಿನಿಂದ ಬಂದಂಥ ತುರಿಕೆ. ಕೆರೆದುಕೊಂಡರೆ ಬೇರೆ ಯಾರದೋ ಬೆನ್ನು ಕೆರೆದ ಹಾಗೆ. ಅಂಗಿ ಸವರಿದ್ದು ಅಲ್ಲಿ ತಿಳಿಯುವುದಿಲ್ಲ. ಆದರೆ ಬೆಂಚ್ ಪ್ರೆಸ್‌ಗೆ ಮಲಗಿದರೆ ಬೆಂಚು ಒತ್ತುವುದು ಮಾತ್ರ ಚೆನ್ನಾಗಿಯೇ ತಿಳಿಯುತ್ತದೆ.

ಟ್ರೇನರ್ ‘ನರ ಹಿಡ್ಕೊಂಡಿದೆ ಸಾರ್’ ಎನ್ನುತ್ತಾನೆ. ಮನೆಯ ಹಿರಿಯರು ವಾಯು ಎನ್ನುತ್ತಾರೆ. ಎಕ್ಸ್‌ರೇಯಲ್ಲಿ ಎಲ್ಲ ಸರಿ. ಎಂಆರ್‌ಐ ವರದಿಯಲ್ಲಿ ಸೊಂಟದ ಹತ್ತಿರ ‘ಸಣ್ಣ ಡಿಸ್ಕ್ ಬಲ್ಜ್’ ಎಂದು ಬರೆದಿರುತ್ತದೆ. ಮರಗಟ್ಟಿದ ಜಾಗ ಅದಕ್ಕಿಂತ ಒಂದು ಗೇಣಿಗೂ ಮೇಲಿದೆ. ಯಂತ್ರ ಹೇಳಿದ್ದಕ್ಕೂ ಚರ್ಮ ಹೇಳಿದ್ದಕ್ಕೂ ತಾಳೆಯಿಲ್ಲ. ಈ ತಾಳೆಯನ್ನು ಕೂಡಿಸಲು ವೈದ್ಯಶಾಸ್ತ್ರಕ್ಕೆ ಸುಮಾರು 150 ವರ್ಷ ಬೇಕಾಯಿತು. ಅದರ ಬಹುಪಾಲು ಕೆಲಸ ನಡೆದದ್ದು ಸೂಜಿ, ಹತ್ತಿ ಮತ್ತು ಬಿಸಿನೀರಿನಲ್ಲಿ.

ಮೊದಲ ಹೆಜ್ಜೆ ಜರ್ಮನಿಯ ಲೈಪ್ಜಿಗ್‌ನದು. ಅಲ್ಲಿ ಅಂಗರಚನಾಶಾಸ್ತ್ರ ಕಲಿಸುತ್ತಿದ್ದ ಅರ್ನ್ಸ್ಟ್ ಹೈನ್ರಿಖ್ ವೇಬರ್ 1834ರಲ್ಲಿ ಸ್ಪರ್ಶದ ಬಗ್ಗೆ ಲ್ಯಾಟಿನ್‌ನಲ್ಲಿ ಒಂದು ಗ್ರಂಥ ಪ್ರಕಟಿಸಿದ. ಅವನ ಉಪಕರಣ ಎರಡು ಮೊನೆಯ ಕೈವಾರ, ಅಷ್ಟೇ. ಎರಡೂ ಮೊನೆಗಳನ್ನು ಒಟ್ಟಿಗೆ ಚರ್ಮಕ್ಕೆ ತಾಗಿಸಿ ‘ಒಂದೋ ಎರಡೋ’ ಎಂದು ಕೇಳುವುದು, ಮೊನೆಗಳನ್ನು ಇನ್ನಷ್ಟು ಹತ್ತಿರ ತಂದು ಮತ್ತೆ ಕೇಳುವುದು. ಬೆರಳ ತುದಿ ಎರಡು ಮಿಲಿಮೀಟರ್ ಅಂತರವನ್ನೂ ‘ಎರಡು’ ಎಂದು ಗುರುತಿಸುತ್ತದೆ. ನಡುಬೆನ್ನಿಗೆ ಅದೇ ಗುರುತು ಸಿಗಬೇಕಾದರೆ ಮೊನೆಗಳನ್ನು ಹಲವು ಸೆಂಟಿಮೀಟರ್ ಅಗಲಿಸಬೇಕು. ಬೆನ್ನು ನಮ್ಮ ಮೈಯಲ್ಲಿ ಮಹಾ ಮೊದ್ದು ಜಾಗ. ಕಣ್ಣಿಗೆ ಬೀಳುವುದಿಲ್ಲ, ಕೈಗೆ ಎಟುಕುವುದಿಲ್ಲ, ತಾನಾಗಿ ಸರಿಯಾಗಿ ಹೇಳುವುದೂ ಇಲ್ಲ. ಅದಕ್ಕೇ ಬೆನ್ನು ಮರಗಟ್ಟಿದವರು ವೈದ್ಯರೆದುರು ಕೈಯನ್ನು ಹಿಂದಕ್ಕೆ ತಿರುಚಿ ‘ಇಲ್ಲೆಲ್ಲೋ’ ಎನ್ನುವುದು.

ಅದೇ ವೇಬರ್ ತೂಕಗಳನ್ನೂ ಎತ್ತಿಸಿ ನೋಡಿದ. ಎರಡು ತೂಕಗಳ ವ್ಯತ್ಯಾಸ ನಮಗೆ ತಿಳಿಯುವುದು ಇಂತಿಷ್ಟು ಗ್ರಾಂ ಎಂಬ ಲೆಕ್ಕದಲ್ಲಲ್ಲ, ಮೂಲ ತೂಕದ ಇಂತಿಷ್ಟು ಪಾಲು ಎಂಬ ಲೆಕ್ಕದಲ್ಲಿ. ಕೈಯಲ್ಲಿ ಎತ್ತಿ ನೋಡುವಾಗ ಆ ಪಾಲು ಸುಮಾರು ನಲವತ್ತರಲ್ಲಿ ಒಂದು ಎಂದು ಅವನು ಕಂಡ. ಮೇಜಿನ ಮೇಲೆ ಚಾಚಿಟ್ಟ ಕೈಗಿಂತ ಎತ್ತುವ ಕೈ ಹೆಚ್ಚು ಸೂಕ್ಷ್ಮ ಎಂಬುದೂ ಅವನ ಗಮನಕ್ಕೆ ಬಂತು. ಹೊರೆಯ ಬಗ್ಗೆ ಮೈ ಕೊಡುವ ಲೆಕ್ಕ ಅಂದಾಜಿನದು ಎಂಬುದಕ್ಕೆ ಮೊದಲ ಅಳತೆ ಇದು.

ಚರ್ಮದ ಯಾವ ಜಾಗಕ್ಕೆ ಯಾವ ನರ ಎಂಬ ಪ್ರಶ್ನೆಯನ್ನು ಕೈಗೆತ್ತಿಕೊಂಡವರು ಇಂಗ್ಲೆಂಡಿನ ಚಾರ್ಲ್ಸ್ ಶೆರಿಂಗ್ಟನ್. ಬೆನ್ನುಹುರಿಯಿಂದ 31 ಜೊತೆ ನರಗಳು ಹೊರಡುತ್ತವೆ. ಸ್ಪರ್ಶದ ಸುದ್ದಿ ಹಿಂಬದಿಯ ಬೇರುಗಳಿಂದ ಒಳಗೆ ಹೋಗುತ್ತದೆ. ಒಂದು ಬೇರು ಕತ್ತರಿಸಿದರೆ ಅದರ ಪಾಲಿನ ಚರ್ಮ ಮರಗಟ್ಟಬೇಕಲ್ಲವೇ? ಮಂಗಗಳಲ್ಲಿ ಕತ್ತರಿಸಿ ನೋಡಿದರೆ ಎಲ್ಲೂ ಮರಗಟ್ಟಲಿಲ್ಲ. 1890ರ ದಶಕದಲ್ಲಿ ಶೆರಿಂಗ್ಟನ್ ಪ್ರಯೋಗವನ್ನೇ ತಿರುವುಮುರುವು ಮಾಡಿದರು. ನಡುವಿನ ಒಂದು ಬೇರನ್ನು ಉಳಿಸಿ ಮೇಲಿನ, ಕೆಳಗಿನ ಕೆಲವು ಬೇರುಗಳನ್ನು ಕತ್ತರಿಸಿದರು. ಸುತ್ತ ಎಲ್ಲ ಮರಗಟ್ಟಿ, ನಡುವೆ ಒಂದು ಪಟ್ಟಿ ಮಾತ್ರ ಜೀವಂತ ಉಳಿಯಿತು. ಆ ಪಟ್ಟಿಯೇ ಆ ಬೇರಿನ ಸರಹದ್ದು. ಹೀಗೆ ಒಂದೊಂದೇ ಬೇರಿನ ಸರಹದ್ದು ಗುರುತಿಸುತ್ತ ಹೋದಂತೆ, ಅಕ್ಕಪಕ್ಕದ ಪಟ್ಟಿಗಳು ಸೂರಿನ ಹಂಚುಗಳಂತೆ ಒಂದರ ಮೇಲೊಂದು ಹೊದ್ದಿರುವುದು ಗೊತ್ತಾಯಿತು. ಒಂದು ಹಂಚು ಜಾರಿದರೂ ಪಕ್ಕದವು ಮಳೆ ತಡೆಯುತ್ತವೆ. ಒಂದು ಬೇರು ಹೋದರೂ ಪಕ್ಕದ ಬೇರುಗಳು ಸುದ್ದಿ ಮುಟ್ಟಿಸುತ್ತವೆ.

ಜಿಮ್ಮಿನಿಂದ ಬಂದವನ ಬೆನ್ನಿಗೂ ಈ ಮಾತು ನೇರವಾಗಿ ಅನ್ವಯಿಸುತ್ತದೆ. ಬೆನ್ನುಮೂಳೆಗಳ ನಡುವಿನ ಡಿಸ್ಕ್ ಒಂದು ಬೇರನ್ನು ಒತ್ತಿದ್ದರೆ ಬೆನ್ನಿನಲ್ಲಿ ಅಂಚು ಕತ್ತರಿಸಿದಂಥ ಮರಗಟ್ಟಿದ ಜಾಗ ಕಾಣುವುದು ಕಷ್ಟ. ಅಂಚು ಸ್ಪಷ್ಟವಾಗಿದ್ದರೆ ತೊಂದರೆ ಬೇರಿನಲ್ಲಲ್ಲ, ಇನ್ನೂ ಮುಂದೆ, ಚರ್ಮಕ್ಕೆ ಹೋಗುವ ಸಣ್ಣ ಕೊಂಬೆಯಲ್ಲಿ ಇರುವ ಸಾಧ್ಯತೆ ಹೆಚ್ಚು.

ಮಂಗದ ನಕ್ಷೆ ಮನುಷ್ಯನಿಗೆ ನೇರವಾಗಿ ಹೊಂದುವುದಿಲ್ಲ. ಬೇರು ಕತ್ತರಿಸಿ ನೋಡಲು ಮನುಷ್ಯರನ್ನು ಎಲ್ಲಿಂದ ತರುವುದು? ಲಂಡನ್ನಿನ ವೈದ್ಯ ಹೆನ್ರಿ ಹೆಡ್‌ಗೆ ಹೊಳೆದದ್ದು ಸರ್ಪಸುತ್ತು. ನಮ್ಮಲ್ಲೂ ಬೆನ್ನಿನಿಂದ ಎದೆಗೆ ಬಳಸುವ ಆ ಬೊಕ್ಕೆಗಳ ಸಾಲಿನ ತಲೆಯೂ ಬಾಲವೂ ಕೂಡಿದರೆ ಜೀವಕ್ಕೆ ಕುತ್ತು ಎಂಬ ನಂಬಿಕೆಯಿದೆ. ಅವು ಸಾಮಾನ್ಯವಾಗಿ ಕೂಡುವುದೇ ಇಲ್ಲ, ಅರ್ಧ ಮೈ ಬಳಸಿ ನಡುಗೆರೆಯಲ್ಲಿ ನಿಲ್ಲುತ್ತವೆ. ಹೆಡ್ ಮತ್ತು ರೋಗಶಾಸ್ತ್ರಜ್ಞ ಆಲ್ಫ್ರೆಡ್ ಕ್ಯಾಂಪ್‌ಬೆಲ್ ನೂರಾರು ರೋಗಿಗಳ ಬೊಕ್ಕೆ ಸಾಲುಗಳ ಚಿತ್ರ ಬರೆದಿಟ್ಟರು. ತೀರಿಕೊಂಡ ಕೆಲವರ ಬೆನ್ನುಹುರಿ ಬಿಡಿಸಿ ನೋಡಿದರು. ಬೊಕ್ಕೆ ಎದ್ದ ಪಟ್ಟಿಗೆ ಸರಿಯಾಗಿ, ಅದೇ ಮಗ್ಗುಲಿನ ಒಂದು ನರಗಂಟು ಉರಿಯೂತದಿಂದ ಕೆಟ್ಟಿತ್ತು. ಒಂದು ಗಂಟು, ಒಂದು ಪಟ್ಟಿ. 1900ರಲ್ಲಿ ‘ಬ್ರೇನ್’ ಪತ್ರಿಕೆಯಲ್ಲಿ ಈ ವಿವರ ಅಚ್ಚಾಯಿತು. ಮನುಷ್ಯನ ಬೆನ್ನಿನ ಮೇಲಿನ ಗೆರೆಗಳನ್ನು ಕಾಯಿಲೆಯೇ ಎಳೆದುಕೊಟ್ಟಿತ್ತು.

ಹೆಡ್‌ಗೆ ಇನ್ನೊಂದು ತಲೆನೋವಿತ್ತು. ನರ ಕಡಿದು ಆಸ್ಪತ್ರೆಗೆ ಬಂದವರನ್ನು ಗಂಟೆಗಟ್ಟಲೆ ಕೂರಿಸಿ, ಇಲ್ಲಿ ಗೊತ್ತಾಗುತ್ತದಾ, ಅಲ್ಲಿ ಗೊತ್ತಾಗುತ್ತದಾ ಎಂದು ಕೇಳಿದರೆ ಅವರು ಬೇಸತ್ತು ಬಾಯಿಗೆ ಬಂದದ್ದು ಹೇಳುತ್ತಿದ್ದರು. ತನ್ನ ಅನಿಸಿಕೆಯನ್ನು ತೂಗಿ ಹೇಳಬಲ್ಲ ರೋಗಿ ಬೇಕಿತ್ತು. 1903ರ ಏಪ್ರಿಲ್ 25ರಂದು, ತಮ್ಮ 41ನೇ ವಯಸ್ಸಿನಲ್ಲಿ, ಹೆಡ್ ತಾವೇ ಮಲಗಿದರು. ಶಸ್ತ್ರವೈದ್ಯರು ಅವರ ಎಡಗೈಯ ಮೊಣಕೈ ಬಳಿ ಚರ್ಮಕ್ಕೆ ಹೋಗುವ ನರಗಳನ್ನು ಕತ್ತರಿಸಿ, ತುದಿಗಳನ್ನು ರೇಷ್ಮೆ ದಾರದಿಂದ ಮತ್ತೆ ಹೊಲಿದರು.

ಪರೀಕ್ಷೆ ಮಾಡಿದವರು ಗೆಳೆಯ ಡಬ್ಲ್ಯೂ. ಎಚ್. ಆರ್. ರಿವರ್ಸ್. ಅದಕ್ಕೆ ಸ್ವಲ್ಪ ಮುಂಚೆ, 1901–02ರಲ್ಲಿ, ನಮ್ಮ ಪಕ್ಕದ ನೀಲಗಿರಿಯಲ್ಲಿ ತೋಡರ ನಡುವೆ ಇದ್ದು ಅವರ ಕುಲ, ನಂಟು, ಹಾಲುಮನೆಯ ಆಚರಣೆಗಳನ್ನು ಬರೆದುಕೊಂಡು ಹೋಗಿದ್ದ ರಿವರ್ಸ್ ಅವರೇ ಇವರು. ಕೇಂಬ್ರಿಡ್ಜ್‌ನ ಸೇಂಟ್ ಜಾನ್ಸ್ ಕಾಲೇಜಿನ ಅವರ ಕೋಣೆಗೆ ಹೆಡ್ ವಾರದ ಕೊನೆಗೆ ಲಂಡನ್ನಿನಿಂದ ಬರುತ್ತಿದ್ದರು. ಕಣ್ಣು ಮುಚ್ಚಿ, ಎಡಗೈ ಮೇಜಿನ ಮೇಲೆ ಚಾಚಿ ಕೂರುವುದು. ರಿವರ್ಸ್ ಸದ್ದಿಲ್ಲದೆ ಒಮ್ಮೆ ಹತ್ತಿಯ ಎಳೆ ಸವರುವರು, ಒಮ್ಮೆ ಸೂಜಿ ಚುಚ್ಚುವರು, ಒಮ್ಮೆ ಬಿಸಿನೀರಿನ ಕೊಳವೆ, ಒಮ್ಮೆ ಮಂಜುನೀರಿನದು. ತಿಳಿದದ್ದು, ತಿಳಿಯದ್ದು ಎರಡನ್ನೂ ಕೈಯ ಚಿತ್ರದ ಮೇಲೆ ಗುರುತು ಹಾಕುವರು. ಹೀಗೆ ನಾಲ್ಕು ವರ್ಷಕ್ಕೂ ಮೀರಿ ನಡೆಯಿತು. ವರದಿ ಬಂದದ್ದು 1908ರಲ್ಲಿ.

ಮೊದಲು ಕಂಡದ್ದೇ ವಿಚಿತ್ರ. ಕೈಯ ಆ ಭಾಗದಲ್ಲಿ ಹತ್ತಿ ತಿಳಿಯುತ್ತಿರಲಿಲ್ಲ, ಸೂಜಿ ತಿಳಿಯುತ್ತಿರಲಿಲ್ಲ, ಬಿಸಿ ತಣ್ಣಗೆ ತಿಳಿಯುತ್ತಿರಲಿಲ್ಲ. ಬೆರಳಿಂದ ಒತ್ತಿದರೆ ಮಾತ್ರ ತಕ್ಷಣ ತಿಳಿಯುತ್ತಿತ್ತು. ಒತ್ತಡದ ಸುದ್ದಿ ಚರ್ಮದ ನರಗಳದ್ದಲ್ಲ, ಕೆಳಗಿನ ಸ್ನಾಯು, ಸ್ನಾಯುರಜ್ಜುಗಳ ನರಗಳಿಂದ ಬರುತ್ತಿತ್ತು. ಅಂಗಿ ತಾಗಿದ್ದು ಗೊತ್ತಾಗದ ಬೆನ್ನಿಗೆ ಬೆಂಚು ಒತ್ತಿದ್ದು ಗೊತ್ತಾಗುವುದಕ್ಕೂ ಇದೇ ಕಾರಣ. ಆಮೇಲೆ ಮರಳಿದ್ದರಲ್ಲೂ ಒಂದು ಕ್ರಮವಿತ್ತು. ಚುಚ್ಚುವ ನೋವು ಮೊದಲು ಬಂತು, ಅದೂ ಅಸಹ್ಯವಾಗಿ ಹರಡಿಕೊಂಡು. ಹತ್ತಿಯ ನವಿರು ಸ್ಪರ್ಶ ಬರಲು ಬಹಳ ಕಾಲ ಹಿಡಿಯಿತು. ಈ ಕ್ರಮದಿಂದ ಹೆಡ್ ಎರಡು ಬಗೆಯ ಸ್ಪರ್ಶವ್ಯವಸ್ಥೆಗಳಿವೆ ಎಂಬ ದೊಡ್ಡ ಸಿದ್ಧಾಂತವನ್ನೇ ಕಟ್ಟಿದರು. 1909ರಲ್ಲಿ ವಿಲ್‌ಫ್ರೆಡ್ ಟ್ರಾಟರ್ ಮತ್ತು ಮಾರಿಸ್ಟನ್ ಡೇವಿಸ್ ತಮ್ಮದೇ ಮೈಯ ನರಗಳನ್ನು ಕತ್ತರಿಸಿಕೊಂಡು ನೋಡಿ ಅದನ್ನು ಒಪ್ಪಲಿಲ್ಲ. ಸಿದ್ಧಾಂತ ನಿಲ್ಲಲಿಲ್ಲ, ಕಣ್ಣು ಮುಚ್ಚಿಸಿ, ಹತ್ತಿ ಸೂಜಿ ಹಿಡಿದು, ಗಡಿ ಗುರುತಿಸುವ ಪದ್ಧತಿ ಉಳಿಯಿತು. ಇವತ್ತು ಯಾವುದೇ ನರವೈದ್ಯರ ಕೋಣೆಯಲ್ಲಿ ನಡೆಯುವುದು ಅದೇ.

ಮುಂದೆ ಬ್ರೆಸ್ಲೌ ಪಟ್ಟಣದ ಆಟ್‌ಫ್ರಿಡ್ ಫರ್ಸ್ಟರ್, ತಾಳಲಾರದ ನೋವಿಗಾಗಿ ಬೇರು ಕತ್ತರಿಸಿಕೊಂಡ ರೋಗಿಗಳಲ್ಲಿ ಶೆರಿಂಗ್ಟನ್ನರ ವಿಧಾನವನ್ನೇ ಬಳಸಿ, 1933ರಲ್ಲಿ ಮನುಷ್ಯನ ಡರ್ಮಟೋಮ್ ನಕ್ಷೆ, ಅಂದರೆ ಒಂದೊಂದು ಬೇರಿನ ಪಾಲಿನ ಚರ್ಮದ ಪಟ್ಟಿಗಳ ನಕ್ಷೆ ಪ್ರಕಟಿಸಿದರು. ಆಗ ನಕ್ಷೆ ಸಿದ್ಧವಿತ್ತು. ನರಕ್ಕೆ ಅಡ್ಡಿ ಎಲ್ಲಿ ಬರುತ್ತದೆ ಎಂಬುದು ಬಾಕಿಯಿತ್ತು.

ಅದಕ್ಕೆ ಉತ್ತರವಾಗಿ 1934ರಲ್ಲಿ ಎರಡು ಲೇಖನಗಳು ಬಂದವು. ಒಂದು ಬಾಸ್ಟನ್ನಿನಿಂದ. ಸ್ಕೀ ಆಟದಲ್ಲಿ ಬೆನ್ನಿಗೆ ಪೆಟ್ಟು ಬಿದ್ದ ಯುವಕನೊಬ್ಬನ ಬೆನ್ನುಮೂಳೆಯೊಳಗಿಂದ ಶಸ್ತ್ರವೈದ್ಯ ವಿಲಿಯಂ ಮಿಕ್ಸ್‌ಟರ್ ಒಂದು ಗಡ್ಡೆ ತೆಗೆದಿದ್ದರು. ಮೃದ್ವಸ್ಥಿಯ ಗಡ್ಡೆ ಎಂದು ಚೀಟಿ ಬಿತ್ತು. ಮೂಳೆವೈದ್ಯ ಜೋಸೆಫ್ ಬಾರ್‌ಗೆ ಅನುಮಾನ. ಅದನ್ನು ಆರೋಗ್ಯವಂತ ಡಿಸ್ಕಿನ ಪಕ್ಕದಲ್ಲಿಟ್ಟು ನೋಡಿದರೆ ಎರಡೂ ಒಂದೇ. ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಹಿಂದೆ ಗಡ್ಡೆ ಎಂದು ಎತ್ತಿಟ್ಟಿದ್ದ ಮಾದರಿಗಳನ್ನು ಹೊರತೆಗೆದು ನೋಡಿದಾಗ ಅವುಗಳಲ್ಲೂ ಬಹಳಷ್ಟು ಹರಿದು ಹೊರಬಂದ ಡಿಸ್ಕಿನ ಚೂರುಗಳೇ. ಡಿಸ್ಕ್ ಹರಿದು ನರವನ್ನು ಒತ್ತುತ್ತದೆ ಎಂಬುದು ಅಲ್ಲಿಂದಾಚೆ ಊರೂರಿಗೆ ಗೊತ್ತಾಯಿತು.

ಇನ್ನೊಂದು ಲೆನಿನ್‌ಗ್ರಾಡ್‌ನಿಂದ. ನರವೈದ್ಯ ಮಿಖಾಯಿಲ್ ಅಸ್ತ್ವತ್ಸಾತುರೋವ್ ಅದನ್ನು ಒಂದು ಜರ್ಮನ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಬೆನ್ನುಮೂಳೆಗೂ ಹೆಗಲೆಲುಬಿಗೂ ನಡುವೆ ಒಂದೇ ಮಗ್ಗುಲಲ್ಲಿ ಜೋಮು, ಉರಿ, ಸ್ಪರ್ಶದ ಕೊರತೆ. ಇದು ಚರ್ಮದ ನರದ ತೊಂದರೆ ಎಂದು ವಿವರಿಸಿ ‘ನೊಟಾಲ್ಜಿಯಾ ಪ್ಯಾರೆಸ್ಥೆಟಿಕಾ’ ಎಂದು ಹೆಸರಿಟ್ಟರು. ಇದಕ್ಕೆ ಮಾದರಿ ತೊಡೆಯ ಹೊರಬದಿ ಮರಗಟ್ಟುವ ‘ಮೆರಾಲ್ಜಿಯಾ’. ಬರ್ಲಿನ್ನಿನ ಬರ್ನ್‌ಹಾರ್ಟ್, ಮಾಸ್ಕೋದ ರಾಟ್ 1895ರಲ್ಲಿ ಅದನ್ನು ವಿವರಿಸಿದ್ದರು. ಅದೇ ವರ್ಷ ಸಿಗ್ಮಂಡ್ ಫ್ರಾಯ್ಡ್ ತಮ್ಮದೇ ತೊಡೆಯ ಅನುಭವ ಬರೆದಿದ್ದರು. ಜಿಮ್ಮಿನಲ್ಲಿ ಬಿಗಿಯಾಗಿ ಕಟ್ಟುವ ಚರ್ಮದ ಬೆಲ್ಟಿನಿಂದಲೂ ತೊಡೆಯ ಆ ನರ ಒತ್ತುವುದುಂಟು.

ಬಾಸ್ಟನ್ನಿನ ಲೇಖನದ ಮುಂದೆ ಲೆನಿನ್‌ಗ್ರಾಡ್‌ನದು ಮಂಕಾಯಿತು. ಡಿಸ್ಕಿಗೆ ಶಸ್ತ್ರಚಿಕಿತ್ಸೆ ಇತ್ತು, ತೆಗೆದು ತೋರಿಸಲು ಚೂರು ಇತ್ತು. ಚರ್ಮದ ಕೊಂಬೆಯ ಕಿರಿಕಿರಿಯಲ್ಲಿ ಕತ್ತರಿಸಿ ತೋರಿಸಲು ಏನೂ ಇರಲಿಲ್ಲ. 1979ರಲ್ಲಿ ಅಮೆರಿಕದ ಮ್ಯಾಸಿ ಮತ್ತು ಪ್ಲೀಟ್ ಈ ತೊಂದರೆಯ ಅಂಗರಚನೆಯತ್ತ ಬೆರಳು ಮಾಡಿದರು. ಬೆನ್ನುಹುರಿಯಿಂದ ಹೊರಟ ಪ್ರತಿ ನರ ಎರಡಾಗಿ ಸೀಳಿ, ದೊಡ್ಡದು ಮುಂದಕ್ಕೂ ಸಣ್ಣದು ಹಿಂದಕ್ಕೂ ಹೋಗುತ್ತದೆ. ಎದೆಭಾಗದ ಎರಡರಿಂದ ಆರನೆಯ ನರಗಳ ಹಿಂಬದಿಯ ಕೊಂಬೆಗಳು ಬೆನ್ನುಮೂಳೆಗೆ ಅಂಟಿಕೊಂಡ ಮಲ್ಟಿಫಿಡಸ್ ಸ್ನಾಯುವನ್ನು ತೂರಿಕೊಂಡು, ಲಂಬಕೋನದಲ್ಲಿ ತಿರುಗಿ ಚರ್ಮಕ್ಕೆ ಬರುತ್ತವೆ. ಆ ತಿರುವಿನಲ್ಲಿ ನರಕ್ಕೆ ಜಾಗ ಬಿಗಿ. ಸ್ನಾಯು ಸೆಡೆತುಕೊಂಡರೆ ಅಲ್ಲಿ ಎಳೆತ, ಒತ್ತು ಬೀಳಬಹುದು.

ದಿನವಿಡೀ ಲ್ಯಾಪ್‌ಟಾಪಿನ ಮುಂದೆ ಹೆಗಲು ಮುಂದಕ್ಕೆ ಬಾಗಿಸಿ ಕೂತು, ಸಂಜೆ ಏಕಾಏಕಿ ಡೆಡ್‌ಲಿಫ್ಟ್, ರೋಯಿಂಗ್ ಮಾಡುವವರ ಬೆನ್ನಿನಲ್ಲಿ ಹೆಚ್ಚು ದುಡಿಯುವುದು ಇದೇ ಜಾಗ. ಬಿಟ್ಟಿದ್ದ ವರ್ಷಗಳಲ್ಲಿ ಸೊರಗಿದ ಸ್ನಾಯುಗಳು ಹಳೆಯ ಹೊರೆಗೆ ಬಿಗಿದುಕೊಳ್ಳುತ್ತವೆ. ಅಲ್ಲಿ ಕೊಂಬೆನರ ಸಿಕ್ಕಿಕೊಂಡರೆ ಅದರ ಪಾಲಿನ ಚರ್ಮ ಮಾತ್ರ ಮಂಕಾಗುತ್ತದೆ. ಕೈಕಾಲಿನ ಬಲಕ್ಕೆ ಏನೂ ಆಗುವುದಿಲ್ಲ; ಆ ಕೊಂಬೆಗೂ ಕೈಕಾಲಿನ ಸ್ನಾಯುಗಳಿಗೂ ಸಂಬಂಧವೇ ಇಲ್ಲ. ಭುಜದ ಹಿಂದಿನ ಸ್ನಾಯುಗಳನ್ನು ಬಲಪಡಿಸಿ ಎದೆಯ ಸ್ನಾಯುಗಳನ್ನು ಸಡಿಲಿಸುವ ವ್ಯಾಯಾಮದಿಂದ ಗುಣ ಕಂಡವರ ವರದಿಗಳು ವೈದ್ಯಪತ್ರಿಕೆಗಳಲ್ಲಿವೆ.

ಎಂಆರ್‌ಐ ವರದಿಯ ‘ಸಣ್ಣ ಬಲ್ಜ್’ ಏನಾಯಿತು? ಅದರ ಉತ್ತರ 1994ರಲ್ಲಿ ಬಂತು. ಮೌರೀನ್ ಜೆನ್ಸನ್ ಮತ್ತು ಸಂಗಡಿಗರು ಸೊಂಟನೋವೇ ಇಲ್ಲದ 98 ಜನರ ಸೊಂಟದ ಎಂಆರ್‌ಐ ತೆಗೆದರು. ಶೇಕಡ 52 ಜನರಲ್ಲಿ ಒಂದಾದರೂ ಡಿಸ್ಕ್ ಉಬ್ಬಿತ್ತು, ಶೇಕಡ 27 ಜನರಲ್ಲಿ ಇನ್ನೂ ಹೊರಕ್ಕೆ ಚಾಚಿತ್ತು. ಬಾಸ್ಟನ್ನಿನವರ ಶೋಧ ಸುಳ್ಳಾಗಲಿಲ್ಲ. ಆದರೆ ಚಿತ್ರದಲ್ಲಿ ಉಬ್ಬು ಕಂಡ ಮಾತ್ರಕ್ಕೆ ಅದೇ ಅಪರಾಧಿ ಎನ್ನುವಂತಿಲ್ಲ ಎಂದು ಗೊತ್ತಾಯಿತು. ಉಬ್ಬಿನ ಜಾಗವೂ ಚರ್ಮದ ಮೇಲಿನ ಗಡಿಯೂ ಒಂದೇ ನರದವಾಗಿದ್ದರೆ ಮಾತ್ರ ಆ ಮಾತಿಗೆ ಅರ್ಥ.

ಹಾಗಾಗಿ ಹೋಗಬೇಕಾದ್ದು ಗಡಿಯ ಕಡೆಗೆ. ಬೆನ್ನು ತನ್ನದೇ ಆದ್ದರಿಂದ ಇನ್ನೊಬ್ಬರ ಕೈ ಬೇಕು. ವೈದ್ಯರು ಅಂಗಿ ತೆಗೆಸಿ, ಕಣ್ಣು ಮುಚ್ಚಿಸಿ, ಸರಿಯಿರುವ ಜಾಗದಿಂದ ಮರಗಟ್ಟಿದ ಜಾಗದ ಕಡೆಗೆ ಹತ್ತಿಯ ಎಳೆ ಸವರುತ್ತ ಬರುತ್ತಾರೆ. ಸ್ಪರ್ಶ ಬದಲಾದಲ್ಲಿ ಪೆನ್ನಿನಿಂದ ಚುಕ್ಕಿ. ಸುತ್ತಲಿಂದ ಹೀಗೇ ಬಂದು ಚುಕ್ಕಿಗಳನ್ನು ಕೂಡಿಸಿದರೆ ಬೆನ್ನ ಮೇಲೆ ಒಂದು ಆಕಾರ ಮೂಡುತ್ತದೆ. ಅಂಗೈಯಗಲ, ಒಂದೇ ಮಗ್ಗುಲು, ಕಂದು ಛಾಯೆ, ತುರಿಕೆ ಇದ್ದರೆ ಕೊಂಬೆನರ. ಪಟ್ಟಿಯಾಗಿ ಎದೆಯ ಕಡೆಗೆ ಬಳಸಿದ್ದು, ಉರಿಯೂ ಇದ್ದರೆ ಒಂದೆರಡು ದಿನದಲ್ಲಿ ಸರ್ಪಸುತ್ತಿನ ಬೊಕ್ಕೆ ಏಳಬಹುದು. ಒಂದು ಮಟ್ಟದಿಂದ ಕೆಳಗೆ ಎರಡೂ ಮಗ್ಗುಲು ಮಂಕಾಗಿದ್ದರೆ ಬೆನ್ನುಹುರಿಯ ಮಾತು. ಜಿಮ್ಮಿನ ವಿಷಯ ಅಲ್ಲಿಗೆ ಮುಗಿಯಿತು, ನರವೈದ್ಯರ ಬಳಿ ಓಡಬೇಕು. ಸೈಕಲ್ ಸೀಟು ತಾಗುವ ಜಾಗ ಮರಗಟ್ಟಿ, ಮೂತ್ರ ಕಟ್ಟಿದರೆ ಅಥವಾ ಕಾಲು ಸೋತರೆ ಬೆಳಗಾಗುವವರೆಗೂ ಕಾಯಬಾರದು.

ನಮ್ಮ ನಾಡಿನಲ್ಲಿ ಈ ಪಟ್ಟಿಗೆ ಇನ್ನೊಂದು ಸೇರಲೇಬೇಕು. ಬೆನ್ನಿನ ಮೇಲೆ ಬಿಳಿಚಿದ ಅಥವಾ ಕೆಂಪು ಛಾಯೆಯ ಮಚ್ಚೆ, ಅದರಲ್ಲಿ ಸ್ಪರ್ಶವಿಲ್ಲ, ಬೆವರಿಲ್ಲ ಎಂದರೆ ಕುಷ್ಠದ ಪರೀಕ್ಷೆ ಮೊದಲು. ನಾರ್ವೆಯ ಬರ್ಗೆನ್‌ನಲ್ಲಿ ಹ್ಯಾನ್ಸನ್ ಅದರ ರೋಗಾಣುವನ್ನು ಕಂಡದ್ದು 1873ರಲ್ಲಿ. ಆ ರೋಗಾಣು ಚರ್ಮದ ನರಗಳನ್ನೇ ಹಿಡಿಯುತ್ತದೆ. ದುಡ್ಡಿದ್ದವರಿಗೆ, ಜಿಮ್ಮಿಗೆ ಹೋಗುವವರಿಗೆ ಅದು ಬರುವುದಿಲ್ಲ ಎಂಬುದು ಸುಳ್ಳು. ಔಷಧಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತ, 6ರಿಂದ 12 ತಿಂಗಳ ಚಿಕಿತ್ಸೆ. ಬೇಗ ಹಿಡಿದರೆ ಅಂಗ ಊನವಾಗುವುದಿಲ್ಲ. ನಾಚಿಕೆಯಿಂದ ಮುಚ್ಚಿಟ್ಟುಕೊಂಡರೆ ಕೆಡುವುದು ನರ.

ಇವೆಲ್ಲ ಅಲ್ಲ, ಕೊಂಬೆನರವೇ ಎಂದು ವೈದ್ಯರು ಹೇಳಿದರೆ ತೂಕ ಎತ್ತುವುದನ್ನು ಬಿಡಬೇಕೆ? ಆ ಪ್ರಶ್ನೆಗೂ ಅಳತೆಯ ಉತ್ತರವಿದೆ. ಥಾಮಸ್ ಡಿಲಾರ್ಮ್ ಹುಡುಗನಾಗಿದ್ದಾಗ ರುಮ್ಯಾಟಿಕ್ ಜ್ವರದಿಂದ ಹಾಸಿಗೆ ಹಿಡಿದು, ಆಮೇಲೆ ತೂಕ ಎತ್ತಿಯೇ ಮೈ ಕಟ್ಟಿಕೊಂಡವರು. ಎರಡನೇ ಮಹಾಯುದ್ಧದ ಕಾಲದಲ್ಲಿ ಸೇನಾ ವೈದ್ಯರಾಗಿ ಷಿಕಾಗೋದ ಗಾರ್ಡಿನರ್ ಆಸ್ಪತ್ರೆಯಲ್ಲಿ, ಮಂಡಿಗೆ ಪೆಟ್ಟಾದ ಸೈನಿಕರ ಪಾದಕ್ಕೆ ಕಬ್ಬಿಣದ ಬೂಟು ಕಟ್ಟಿ ಎತ್ತಿಸಿದರು. ಹಗುರ ತೂಕವನ್ನು ನೂರಾರು ಸಲ ಎತ್ತಿಸುತ್ತಿದ್ದ ಕಾಲದಲ್ಲಿ ಅವರದು ಭಾರ ಹೆಚ್ಚು, ಎತ್ತುವುದು ಕಡಿಮೆ. 1945ರಲ್ಲಿ ಅದನ್ನು ಪ್ರಕಟಿಸಿದರು. 1948ರಲ್ಲಿ ಆರ್ಥರ್ ವಾಟ್ಕಿನ್ಸ್ ಜೊತೆ ಸೇರಿ ಅದನ್ನು ಮೂರು ಸೆಟ್‌ಗೆ ಇಳಿಸಿದರು. ಸರಿಯಾಗಿ ಹತ್ತು ಸಲ ಎತ್ತಬಲ್ಲ ಇವತ್ತಿನ ಗರಿಷ್ಠ ತೂಕ ಎಷ್ಟೆಂದು ಮೊದಲು ಕಂಡುಕೊಳ್ಳಬೇಕು. ಅದು 40 ಕೆ.ಜಿ. ಎಂದರೆ ಮೊದಲ ಹತ್ತು 20ರಲ್ಲಿ, ಎರಡನೇ ಹತ್ತು 30ರಲ್ಲಿ, ಮೂರನೇ ಹತ್ತು 40ರಲ್ಲಿ. ವಾರಕ್ಕೊಮ್ಮೆ ಮತ್ತೆ ಅಳತೆ.

ಮರಳಿ ಬಂದವನಿಗೆ ಇದರಲ್ಲಿ ಮುಖ್ಯವಾದದ್ದು ‘ಇವತ್ತಿನ’ ಎಂಬುದು. ಐದು ವರ್ಷದ ಹಿಂದೆ 100 ಎತ್ತುತ್ತಿದ್ದೆ ಎಂಬುದು ನೆನಪು, ಅಳತೆಯಲ್ಲ. ವೇಬರ್ ತೋರಿಸಿದ ಹಾಗೆ ಭಾರದ ಬಾರ್‌ಗೆ ಸಣ್ಣ ಪ್ಲೇಟು ಸೇರಿಸಿದರೆ ಕೈಗೆ ಅದರ ಸುಳಿವೇ ಸಿಗದಿರಬಹುದು. ಅದಕ್ಕೇ ಪುಸ್ತಕದಲ್ಲಿ ಬರೆದಿಡಬೇಕು. ಅದೇ ಪುಸ್ತಕದ ಇನ್ನೊಂದು ಪುಟದಲ್ಲಿ ಬೆನ್ನಿನ ಗಡಿಯ ಲೆಕ್ಕವೂ ಇರಲಿ. ತಿಂಗಳಿಗೊಮ್ಮೆ ಮನೆಯವರ ಕೈಯಲ್ಲಿ ಹತ್ತಿ ಕೊಟ್ಟು, ಚುಕ್ಕಿ ಹಾಕಿಸಿ, ಫೋಟೊ ತೆಗೆಸಿಕೊಂಡು ಹಿಂದಿನದಕ್ಕೆ ಹೋಲಿಸಿದರೆ ಸಾಕು. ಗಡಿ ಕುಗ್ಗುತ್ತಿದ್ದರೆ ಅಥವಾ ಇದ್ದಲ್ಲೇ ಇದ್ದರೆ ತೂಕ ನಿಧಾನವಾಗಿ ಏರಲಿ. ಹಿಗ್ಗುತ್ತಿದ್ದರೆ ಬಾರ್ ಕೆಳಗಿಟ್ಟು ಮತ್ತೆ ವೈದ್ಯರ ಬಳಿಗೆ ಹೋಗುವುದು ಸರಿ, ಕೈಯಲ್ಲಿ ಆ ಫೋಟೊಗಳನ್ನು ಹಿಡಿದುಕೊಂಡೇ. ‘ಇಲ್ಲೆಲ್ಲೋ’ ಎಂದು ಶುರುವಾದ ದೂರು ಆಗ ವೈದ್ಯರ ಮೇಜಿನ ಮೇಲೆ ತಾರೀಖು ಸಮೇತ ಇರುತ್ತದೆ.